ಮಾಯದ ಅಂಗಾಲಿನ ಹುಣ್ಣಿಗೆ ಒತ್ತಡದ ಆಮ್ಲಜನಕ

ಸಕ್ಕರೆ ಕಾಯಿಲೆಯವರ ಅಂಗಾಲಿನ ಹುಣ್ಣು ತಿಂಗಳುಗಟ್ಟಲೆ ಮಾಯದೆ ಉಳಿಯಲು ಒಂದು ಕಾರಣ, ಅಲ್ಲಿಗೆ ಆಮ್ಲಜನಕ ಸಾಲದಿರುವುದು. ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲಲೂ ಗಾಯ ಬೆಸೆಯುವ ಕೊಲಾಜನ್ ಎಳೆಗಳು ಗಟ್ಟಿಯಾಗಲೂ ಅದು ಬೇಕೇ ಬೇಕು. ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರಾಗದೇ? ಹೆಚ್ಚೇನೂ ಆಗದು. ಶ್ವಾಸಕೋಶ ಚೆನ್ನಾಗಿದ್ದರೆ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಮಾಮೂಲಿ ಗಾಳಿಯಲ್ಲೇ ಶೇ. 97ರಷ್ಟು ತುಂಬಿರುತ್ತದೆ. ಉಳಿದ ದಾರಿ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ. ಸಾಮಾನ್ಯವಾಗಿ 100 ಮಿ.ಲೀ. ರಕ್ತದಲ್ಲಿ ಹಾಗೇ ಕರಗಿರುವುದು 0.3 ಮಿ.ಲೀ. ಆಮ್ಲಜನಕ ಮಾತ್ರ, ವಾಯುಮಂಡಲದ 3 ಪಟ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕ ಉಸಿರಾಡಿದರೆ 6 ಮಿ.ಲೀ. ಆಸುಪಾಸಿಗೆ ಏರುತ್ತದೆ. ಸೋಡಾ ಬಾಟಲಿಗೆ ಗ್ಯಾಸ್ ತುಂಬುವಾಗ ನಡೆಯುವುದೂ ಇದೇ.

ಈ ಚಿಕಿತ್ಸೆ ನಡೆಯುವುದು ಒತ್ತಡ ಏರಿಸಬಲ್ಲ, ಬಿಗಿಯಾಗಿ ಮುಚ್ಚಿದ ಚೇಂಬರಿನಲ್ಲಿ. ಹುಣ್ಣಿಗೆ ಬಳಸುವುದು 2ರಿಂದ 2.5 ಪಟ್ಟು ಒತ್ತಡ. ದಿನಕ್ಕೆ ಸುಮಾರು 90 ನಿಮಿಷ, ವಾರಕ್ಕೆ 5 ದಿನ, ಒಟ್ಟು 30–40 ಸಿಟ್ಟಿಂಗ್. ಆಮ್ಲಜನಕದ ವಿಷ ಮಿದುಳಿಗೇರಿ ಫಿಟ್ಸ್ ಬರದಂತೆ ನಡುನಡುವೆ 5 ನಿಮಿಷ ಮಾಮೂಲಿ ಗಾಳಿ ಕೊಡುತ್ತಾರೆ. ಒತ್ತಡ ಏರುವಾಗ ಕಿವಿ ಕಟ್ಟುತ್ತದೆ. ಉಗುಳು ನುಂಗುತ್ತಿರಬೇಕು, ಇಲ್ಲವೇ ಮೂಗು ಬಾಯಿ ಮುಚ್ಚಿ ಮೆಲ್ಲಗೆ ಊದಬೇಕು. ನೋವು ಬಂದ ಕೂಡಲೇ ಹೇಳಬೇಕು, ತಡೆದುಕೊಂಡರೆ ಕಿವಿಯ ತಮಟೆಯೇ ಹರಿದೀತು. ಸಿಟ್ಟಿಂಗ್ ವೇಳೆ ಸಕ್ಕರೆ ಇಳಿಯುವುದುಂಟು, ಆದ್ದರಿಂದ ಮೊದಲೇ ಗ್ಲುಕೋಮೀಟರ್‌ನಲ್ಲಿ ನೋಡುತ್ತಾರೆ. ಮೊಬೈಲ್, ಎಣ್ಣೆ, ಸಿಂಥೆಟಿಕ್ ಬಟ್ಟೆ ಒಳಗೆ ಬರುವಂತಿಲ್ಲ: ಆಮ್ಲಜನಕ ತುಂಬಿದ ಕಡೆ ಕಿಡಿಯೊಂದೇ ಸಾಕು. ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಂಡವರಿಗೆ ಅದನ್ನು ತೆಗೆಯುವವರೆಗೆ ಚಿಕಿತ್ಸೆ ಕೂಡದೇ ಕೂಡದು.

ಇಷ್ಟೆಲ್ಲ ಮಾಡುವ ಮೊದಲು ಅಳತೆಯಾಗಬೇಕು. ಹುಣ್ಣಿನ ಪಕ್ಕದ ಚರ್ಮಕ್ಕೆ ಸಣ್ಣ ಬಿಸಿ ಸೆನ್ಸರ್ ಅಂಟಿಸಿ ಆಮ್ಲಜನಕದ ಒತ್ತಡ ನೋಡುತ್ತಾರೆ. 40 ಮಿ.ಮೀ. ಪಾದರಸಕ್ಕಿಂತ ಕಡಿಮೆಯಿದ್ದರೆ ಅಲ್ಲಿ ಕೊರತೆಯಿದೆ ಎಂದರ್ಥ. ಅದೇ ಜಾಗದಲ್ಲಿ, ಚೇಂಬರಿನೊಳಗೆ, ಅದು 200 ದಾಟಿದರೆ ಭರವಸೆಯಿಡಬಹುದು. ಏರಲೇ ಇಲ್ಲವೆಂದರೆ ರಕ್ತನಾಳವೇ ಕಟ್ಟಿಕೊಂಡಿರಬಹುದು. ಆಗ ಮೊದಲು ಆಂಜಿಯೋಪ್ಲಾಸ್ಟಿಯೋ ಬೈಪಾಸೋ ನೋಡಬೇಕು.

ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಸ್ವೀಡನ್‌ನ 2010ರ ಪ್ರಯೋಗದಲ್ಲಿ ಒಂದು ವರ್ಷದೊಳಗೆ ಹುಣ್ಣು ಪೂರ್ತಿ ಮಾಗಿದ್ದು ಶೇ. 52 ಮಂದಿಗೆ, ಒತ್ತಡದ ಗಾಳಿಯಷ್ಟೇ ಪಡೆದವರಲ್ಲಿ ಶೇ. 29. ನೆದರ್ಲೆಂಡ್ಸ್‌ನ 2018ರ ಪ್ರಯೋಗದಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. ಅಲ್ಲಿ ಮೂರನೇ ಒಂದರಷ್ಟು ಮಂದಿ ನಿಗದಿತ ಸಿಟ್ಟಿಂಗ್ ಮುಗಿಸಿರಲೂ ಇಲ್ಲ. ಚಿಕಿತ್ಸೆ ಯಾರಿಗೆ ಎಂದು ಆಯುವುದೇ ಇಲ್ಲಿ ಹೆಚ್ಚಿನ ಕೆಲಸ ಎನಿಸುತ್ತದೆ. ಸತ್ತ ಅಂಗಾಂಶ ಕೆರೆದು ತೆಗೆಯದೆ, ಪಾದದ ಮೇಲಿನ ಭಾರ ಇಳಿಸದೆ ಚೇಂಬರಿಗೆ ಓಡಾಡಿದರೆ ದುಡ್ಡು ಖರ್ಚು, ಅಷ್ಟೇ.

ಮನೆಗೆ ಕೊಳ್ಳಿರೆಂದು ಮಾರುವ, ಗಾಳಿ ತುಂಬುವ ಚೀಲದಂಥ ಚೇಂಬರುಗಳ ಒತ್ತಡ ಸಾಮಾನ್ಯವಾಗಿ 1.3 ಪಟ್ಟು. ಅದರೊಳಗೆ ಬರೀ ಗಾಳಿ ಉಸಿರಾಡಿದರೆ ಸಿಗುವುದು ಹೊರಗೆ ಶೇ. 27 ಆಮ್ಲಜನಕ ಎಳೆದುಕೊಂಡಷ್ಟು. ಆಸ್ಪತ್ರೆಯ ಮಾಸ್ಕ್ ಅದಕ್ಕಿಂತ ಹೆಚ್ಚು ಕೊಡುತ್ತದೆ.