ಪದ ಪರಿಚಯ: ಬೀಬಾಪ್ ಟ್ರಾಂಬೋನ್

"ಬೀಬಾಪ್ ಟ್ರಾಂಬೋನ್ ಮಾಮೂಲಿ ಟ್ರಾಂಬೋನ್‌ಗಿಂತ ಚಿಕ್ಕದಾ?" ಈ ಪ್ರಶ್ನೆಯನ್ನು ನನಗೆ ಕೇಳಿದವರು ಇದುವರೆಗೆ ಮೂವರು. ಮೊನ್ನೆ ಒಂದು ಕೆಫೆಯ ಬೋರ್ಡಿನಲ್ಲಿ 'ಬೀಬಾಪ್ ಸಂಜೆ' ಅಂತ ಬರೆದಿತ್ತು. ಒಳಗೆ ಹೋದರೆ ಲಿಫ್ಟಿನಲ್ಲಿ ಹಾಕುವಂಥ ಜೋಗುಳದ ಸ್ಯಾಕ್ಸೋಫೋನ್. ಇನ್ನು ಸುಮ್ನೆ ಕೂರಲು ಆಗುವುದಿಲ್ಲ.

ಬೀಬಾಪ್ ಟ್ರಾಂಬೋನ್ ಅನ್ನುವ ವಾದ್ಯವೇ ಇಲ್ಲ. ಟ್ರಾಂಬೋನ್ ಊದುವ ಹಿತ್ತಾಳೆ ವಾದ್ಯವೊಂದರ ಹೆಸರು, ಬೀಬಾಪ್ ನುಡಿಸುವ ಬಗೆಯ ಹೆಸರು, 1940ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದ ಜಾಝ್ ಶೈಲಿ. ಕರ್ನಾಟಕ ಪಿಟೀಲು ಅಂದಾಗ ಯಾರೂ ಅಂಗಡಿಯಲ್ಲಿ ಬೇರೆ ಪಿಟೀಲು ಹುಡುಕುವುದಿಲ್ಲ, ಅಲ್ವಾ?

ಬೀಬಾಪ್ ಪದಕ್ಕೆ ಅರ್ಥ ಹುಡುಕುವವರಿಗೆ ನಿರಾಸೆ ಖಚಿತ. ಅದು ಹುಟ್ಟಿದ್ದೇ ಸೊಲ್ಲಾಗಿ. ಮೃದಂಗದವರ ಬಾಯಲ್ಲಿ ತಕಧಿಮಿ ಇದ್ದ ಹಾಗೆ, ಜಾಝ್ ಗಾಯಕರು ಮಾತಿಲ್ಲದೆ ಹಾಡುವಾಗ ಬಾಯಿಗೆ ಬರುತ್ತಿದ್ದ ಸದ್ದು ಅದು. 1928ರ ಒಂದು ರೆಕಾರ್ಡಿನಲ್ಲೇ ಅದು ಕೇಳುತ್ತದೆ. ಆಗ ಈ ಶೈಲಿಯ ಸುಳಿವೂ ಇರಲಿಲ್ಲ. 'ರೀಬಾಪ್' ಅನ್ನುವ ಅಣ್ಣತಮ್ಮನೂ ಒಬ್ಬನಿದ್ದ. 1945ರಲ್ಲಿ ಜಾಝ್ ತಂಡದ ನಾಯಕ ಲಯೊನೆಲ್ ಹ್ಯಾಂಪ್ಟನ್ ರೆಕಾರ್ಡ್ ಮಾಡಿದ ಹಾಡಿನಲ್ಲಿ ಅವನದೇ ಕುಣಿತ. ಶೈಲಿಗೆ ಈ ಹೆಸರು ಅಂಟಿದ ಬಗೆಯನ್ನು ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಟ್ರಂಪೆಟ್ ವಾದಕ ಡಿಜಿ ಗಿಲೆಸ್ಪಿಯೇ ಹೇಳಿಕೊಂಡಿದ್ದಾರೆ. ನ್ಯೂಯಾರ್ಕಿನ 52ನೇ ಬೀದಿಯಲ್ಲಿ ನುಡಿಸುವಾಗ ಅವರ ಎಷ್ಟೋ ಟ್ಯೂನ್‌ಗಳಿಗೆ ಹೆಸರೇ ಇರುತ್ತಿರಲಿಲ್ಲವಂತೆ. ಜೊತೆಗಾರರಿಗೆ ಬಾಯಲ್ಲೇ ಗುನುಗಿ ತೋರಿಸುತ್ತಿದ್ದರು. ಕೇಳುಗರು "ಆ ಬೀಬಾಪ್ ನುಡಿಸಿ" ಅನ್ನತೊಡಗಿದರು, ಪತ್ರಿಕೆಯವರು ಅದನ್ನೇ ಹಿಡಿದುಕೊಂಡರು. ಗಟ್ಟಿಯಾಗಿ ಹೇಳಿ ನೋಡಿ. 'ಬೀ' ಎಳೆಯುತ್ತದೆ, 'ಬಾಪ್' ತಟ್ಟನೆ ಕಡಿಯುತ್ತದೆ. ಆ ಸಂಗೀತದ ಎಷ್ಟೋ ಸಾಲುಗಳು ಮುಗಿಯುವುದೂ ಹೀಗೇ. ಅದಕ್ಕೇ 'ಬಿಬೋಪ್' ಅಂತ ಬರೆಯುವವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಹಾಗೆ ಬರೆದರೆ ಸೊಲ್ಲೇ ಸತ್ತುಹೋಗುತ್ತದೆ.

ಎರಡನೇ ತಪ್ಪು ಬಲ್ಲವರದ್ದು. ಅವರ ಪ್ರಕಾರ ಬೀಬಾಪ್ ಅಂದರೆ ವೇಗ. ವೇಗ ಇತ್ತು, ನಿಜ. ಆದರೆ ಅಸಲು ವಿಷಯ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳಲ್ಲಿ, ಅಂದರೆ ಕಾರ್ಡ್‌ಗಳಲ್ಲಿದೆ. ಹಳೆಯ ಜನಪ್ರಿಯ ಹಾಡೊಂದರ ಕಾರ್ಡ್ ಸಾಲನ್ನು ಉಳಿಸಿಕೊಂಡು, ಟ್ಯೂನನ್ನು ಬಿಸಾಕಿ, ಅದರ ಮೇಲೆ ಹೊಸ ಟ್ಯೂನ್ ಕಟ್ಟುವುದು ಇವರ ಆಟ. ನಮ್ಮಲ್ಲಿ ಮಟ್ಟು ಉಳಿಸಿಕೊಂಡು ಮಾತು ಬದಲಿಸುತ್ತಾರೆ. ಇಲ್ಲಿ ಮಟ್ಟೇ ಮಾಯ, ತಳಪಾಯ ಮಾತ್ರ ಹಳೆಯದು. 1947ರ ಡಿಸೆಂಬರ್ 17ರಂದು ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ತಂಡ ರೆಕಾರ್ಡ್ ಮಾಡಿದ 'ಕ್ವಾಸಿಮೋಡೋ' ಕೇಳಿ. ಅದರ ಅಡಿಯಲ್ಲಿರುವುದು ಸಂಗೀತ ಸಂಯೋಜಕ ಜಾರ್ಜ್ ಗರ್ಶ್ವಿನ್ ಅವರ 'ಎಂಬ್ರೇಸಬಲ್ ಯೂ' ಹಾಡಿನ ಕಾರ್ಡ್‌ಗಳು. ಯಾರೂ ಓಡುತ್ತಿಲ್ಲ, ಆದರೂ ಅಪ್ಪಟ ಬೀಬಾಪ್. ಅದರಲ್ಲಿ ಟ್ರಾಂಬೋನ್ ನುಡಿಸಿದವರು ಜೆ.ಜೆ. ಜಾನ್ಸನ್.

ಅವರ ವಾದ್ಯ ಈ ಕೆಲಸಕ್ಕೆ ಒಗ್ಗುವಂಥದ್ದೇ ಆಗಿರಲಿಲ್ಲ. ಟ್ರಾಂಬೋನ್ ಅಂದರೆ ಇಟಾಲಿಯನ್ನಿನಲ್ಲಿ ದೊಡ್ಡ ಕಹಳೆ, ಅಷ್ಟೇ. ಅದಕ್ಕೆ ಟ್ರಂಪೆಟ್ಟಿನ ಹಾಗೆ ಒತ್ತುವ ವಾಲ್ವ್ ಇಲ್ಲ. ಕೊಳವೆಯನ್ನು ಹಿಂದೆ ಮುಂದೆ ಜಾರಿಸಬೇಕು, ಏಳು ನಿಲುಗಡೆ. ಮೆಟ್ಟಿಲುಗಳಿರುವ ವೀಣೆಗೂ ಮೆಟ್ಟಿಲಿಲ್ಲದ ಪಿಟೀಲಿಗೂ ಇರುವ ವ್ಯತ್ಯಾಸ ನೆನಪಿಸಿಕೊಳ್ಳಿ. ಕೆಳಸ್ಥಾಯಿಯಲ್ಲಿ ಬಿ-ಫ್ಲ್ಯಾಟ್ ಅನ್ನುವ ಸ್ವರ ಮೊದಲ ನಿಲುಗಡೆಯಲ್ಲಿ ಸಿಗುತ್ತದೆ, ಅದರ ಪಕ್ಕದ ಬಿ ಏಳನೆಯದರಲ್ಲಿ. ಅರ್ಧ ಸ್ವರ ಮೇಲೆ ಹೋಗಲು ತೋಳನ್ನು ಪೂರ್ತಿ ಚಾಚಬೇಕು! ನ್ಯೂ ಆರ್ಲಿಯನ್ಸಿನ ಕಿಡ್ ಓರಿಯಂಥವರು ಆ ಜಾರುವಿಕೆಯನ್ನೇ ಸೊಗಸು ಮಾಡಿಕೊಂಡಿದ್ದರು. ಮೆರವಣಿಗೆಯ ಗಾಡಿಯಲ್ಲಿ ಟ್ರಾಂಬೋನಿನವರು ಹಿಂಬದಿಯ ಬಾಗಿಲಿನ ಹತ್ತಿರ ಕೂರುತ್ತಿದ್ದರು, ಕೊಳವೆ ಚಾಚಲು ಜಾಗ ಬೇಕಲ್ಲ. ಆ ಶೈಲಿಗೆ 'ಟೇಲ್‌ಗೇಟ್' ಅಂತ ಹೆಸರು ಬಂದಿದ್ದು ಆ ಬಾಗಿಲಿನಿಂದಲೇ.

1924ರಲ್ಲಿ ಇಂಡಿಯಾನಾಪೊಲಿಸಿನಲ್ಲಿ ಹುಟ್ಟಿದ ಜಾನ್ಸನ್ ಈ ಜಾರಿಕೆಯನ್ನು ಒರೆಸಿ ಹಾಕಿದರು. ಪ್ರತಿ ಸ್ವರವೂ ಬಿಡಿಬಿಡಿ, ದುಂಡಗೆ, ನಡುಕ ಕಮ್ಮಿ. ಮೇಲಿನ ಸ್ಥಾಯಿಯಲ್ಲಿ ಒಂದೇ ಸ್ವರ ಬೇರೆ ಬೇರೆ ನಿಲುಗಡೆಯಲ್ಲಿ ಸಿಗುತ್ತದೆ. ತೋಳಿಗೆ ಹತ್ತಿರದ್ದನ್ನು ಆರಿಸಿಕೊಂಡರೆ ಓಡಾಟ ಉಳಿಯುತ್ತದೆ. ಫ್ರೆಡ್ ಬೆಕೆಟ್ ಅನ್ನುವ ಹಿರಿಯರ ನುಡಿಸುವಿಕೆ ಅವರಿಗೆ ದಾರಿ ತೋರಿಸಿತ್ತು. ಬೆನ್ನಿ ಕಾರ್ಟರ್, ಕೌಂಟ್ ಬೇಸಿ ತಂಡಗಳಲ್ಲಿ ದುಡಿದ ಮೇಲೆ, 1946ರಲ್ಲಿ ಸವಾಯ್ ಕಂಪನಿಗೆ ತಮ್ಮದೇ ತಂಡದ ಮೊದಲ ರೆಕಾರ್ಡ್ ಮಾಡಿದರು. ತಂಡದ ಹೆಸರೇ ಜೆ ಜೆ ಜಾನ್ಸನ್ಸ್ ಬೀಬಾಪರ್ಸ್. ಪಿಯಾನೋದಲ್ಲಿ ಬಡ್ ಪವೆಲ್, ಡ್ರಮ್ಸ್‌ನಲ್ಲಿ ಮ್ಯಾಕ್ಸ್ ರೋಚ್. ಇದು ಬೀಬಾಪ್ ಹೌದೋ ಅಲ್ವೋ ಅಂತ ಯಾರಾದರೂ ತಕರಾರು ತೆಗೆದರೆ ಲೇಬಲ್ ತೋರಿಸಿ.

ರೆಕಾರ್ಡ್ ಕೇಳಿದ ಹಲವರು ಇದು ವಾಲ್ವ್ ಟ್ರಾಂಬೋನೇ ಇರಬೇಕು ಅಂದುಕೊಂಡರು. ವಾಲ್ವ್ ಇರುವ ಟ್ರಾಂಬೋನ್ ನಿಜಕ್ಕೂ ಇದೆ: ಡ್ಯೂಕ್ ಎಲಿಂಗ್ಟನ್ ತಂಡದ ಹುವಾನ್ ಟಿಜೋಲ್, ಆಮೇಲೆ ಬಾಬ್ ಬ್ರೂಕ್‌ಮೇಯರ್ ಅದನ್ನು ನುಡಿಸಿದವರು. ಬಹುಶಃ ಆ ಗುಮಾನಿಯೇ ಮೊಮ್ಮಕ್ಕಳ ಕಾಲಕ್ಕೆ 'ಬೀಬಾಪ್ ಟ್ರಾಂಬೋನ್ ಬೇರೆ ವಾದ್ಯ' ಅನ್ನುವ ನಂಬಿಕೆ ಆಗಿರಬೇಕು. ಜಾನ್ಸನ್ ನುಡಿಸಿದ್ದು ಎಲ್ಲರೂ ನುಡಿಸುವ ಜಾರುಕೊಳವೆಯದನ್ನೇ.

ಅಷ್ಟು ಹೆಸರಿದ್ದೂ 1952ರಿಂದ 1954ರವರೆಗೆ ಅವರು ಒಂದು ಕಾರ್ಖಾನೆಯಲ್ಲಿ ನೀಲಿನಕ್ಷೆ ತಪಾಸಣೆ ಮಾಡುತ್ತಿದ್ದರು. ಜಾಝ್‌ನಲ್ಲಿ ಹೆಸರು ಬೇರೆ, ಸಂಬಳ ಬೇರೆ. ಆಮೇಲೆ ಡೆನ್ಮಾರ್ಕಿನಲ್ಲಿ ಹುಟ್ಟಿದ ಕೈ ವಿಂಡಿಂಗ್ ಜೊತೆ ಎರಡು ಟ್ರಾಂಬೋನ್‌ಗಳ ತಂಡ ಕಟ್ಟಿದರು, ಅದು ಚೆನ್ನಾಗಿ ಓಡಿತು. 1961ರಲ್ಲಿ ಗಿಲೆಸ್ಪಿಗಾಗಿ 'ಪರ್ಸೆಪ್ಷನ್ಸ್' ಅನ್ನುವ ಸಂಗೀತ ಕೃತಿ ಬರೆದರು. 1970ರಲ್ಲಿ ಲಾಸ್ ಏಂಜಲೀಸಿಗೆ ಹೋಗಿ ಸಿನಿಮಾ, ಟೀವಿಗೆ ಸಂಗೀತ ಮಾಡಿದರು. 1987ರಲ್ಲಿ ವೇದಿಕೆಗೆ ಮರಳಿದರು, 2001ರಲ್ಲಿ ತೀರಿಕೊಂಡರು.

ಅವರು ಬರೆದ ಟ್ಯೂನ್‌ಗಳಲ್ಲಿ ಇವತ್ತಿಗೂ ಜಾಸ್ತಿ ನುಡಿಸುವುದು 'ಲಮೆಂಟ್'. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅದನ್ನು 1957ರಲ್ಲಿ ರೆಕಾರ್ಡ್ ಮಾಡಿದರು. ನಿಧಾನದ, ಕೊರಗಿನ ಟ್ಯೂನ್. ಅದನ್ನು ಬೀಬಾಪ್ ಅನ್ನಬಹುದಾ ಅಂತ ನನ್ನನ್ನು ಕೇಳಿದರೆ, ಟ್ಯೂನನ್ನು ಅನ್ನುವುದಿಲ್ಲ. ಆದರೆ ಅದರ ಕಾರ್ಡ್‌ಗಳ ಮೇಲೆ ಜಾನ್ಸನ್ ಸೋಲೋ ಶುರು ಮಾಡಿದ ಮೇಲೆ ಇನ್ನೊಂದು ಸಲ ಕೇಳಿ. ಆಗ ಹೂಂ ಅಂತೀನಿ.