‘ದೇವರಲ್ಲಿ ನಂಬುತ್ತೇನೆ’ ಅನ್ನಬಹುದೇ?

ಪ್ರಶ್ನೆ: ‘ದೇವರನ್ನು ನಂಬುತ್ತೇನೆ’ ಸರಿಯೋ, ‘ದೇವರಲ್ಲಿ ನಂಬುತ್ತೇನೆ’ ಸರಿಯೋ?

ಮತ್ತೆ ಅದೇ ಪ್ರಶ್ನೆ! ‘ದೇವರನ್ನು’ ಸರಿ. ‘ನಂಬು’ ಸಕರ್ಮಕ ಧಾತು. ಅದು ಯಾರನ್ನು, ಯಾವುದನ್ನು ಅಂತ ಕೇಳುತ್ತದೆಯೇ ಹೊರತು ಎಲ್ಲಿ ಅಂತ ಕೇಳುವುದಿಲ್ಲ. ಉತ್ತರ ಇಲ್ಲಿಗೇ ಮುಗಿಯಬೇಕಿತ್ತು.

ಮುಗಿಯಲು ಬಿಡುವುದಿಲ್ಲವಲ್ಲ! ‘ಒಬ್ಬರನ್ನು ನಂಬುವುದು ಅಂದರೆ ಅವರ ಮಾತು ನಿಜ ಅಂದುಕೊಳ್ಳುವುದು, ಒಬ್ಬರಲ್ಲಿ ನಂಬುವುದು ಅದಕ್ಕಿಂತ ಆಳವಾದದ್ದು’ ಅಂತ ತಿದ್ದಲು ಯಾರಾದರೂ ಬಂದೇ ಬರುತ್ತಾರೆ. ಆ ಭೇದ ಇಂಗ್ಲಿಷಿನದು ಸ್ವಾಮಿ, ನಮ್ಮದಲ್ಲ. ಪಕ್ಕದ ಮನೆಯವರ ಮಾತನ್ನೂ ನಂಬುತ್ತೇವೆ, ಮಂಜುನಾಥನನ್ನೂ ನಂಬುತ್ತೇವೆ. ಆಳ ಸಾಲದು ಅಂತ ಯಾವ ಭಕ್ತನೂ ವಿಭಕ್ತಿ ಬದಲಿಸಿದ್ದಿಲ್ಲ. ಕನ್ನಡ ಬೈಬಲಿನ ಹಳೆಯ ಅನುವಾದ ತೆಗೆದು ಯೋಹಾನ 3:16 ನೋಡಿ: ‘ಆತನನ್ನು ನಂಬುವ ಒಬ್ಬನಾದರೂ ನಾಶವಾಗದೆ...’ ಇದಕ್ಕಿಂತ ಆಳದ ನಂಬಿಕೆ ಬೇಕೇ? ಗ್ರಂಥ ಬೇಡವೆಂದರೆ ಗಂಡಹೆಂಡಿರ ಜಗಳ ಕೇಳಿ. ‘ನಿನ್ನ ನಂಬಿ ಬಂದೆನಲ್ಲ, ನನಗೆ ಬುದ್ಧಿ ಇಲ್ಲ’ ಅನ್ನುತ್ತಾರೆ. ‘ನಿನ್ನಲ್ಲಿ ನಂಬಿ ಬಂದೆ’ ಅಂತ ಯಾರಾದರೂ ಜಗಳವಾಡಿದ್ದುಂಟೇ?

ಎಡವಟ್ಟು ಆಗುವುದು ‘ನಂಬಿಕೆ’ಯ ದೆಸೆಯಿಂದ. ಅದು ನಾಮಪದ. ‘ದೇವರಲ್ಲಿ ನಂಬಿಕೆ ಇದೆ’, ‘ಅವನ ಮೇಲೆ ನಂಬಿಕೆ ಇಟ್ಟೆ’ ಎರಡೂ ಸರಿ. ನಂಬಿಕೆಯನ್ನು ಇಡಲು ಜಾಗ ಬೇಕು, ನಂಬಲು ಬೇಡ.

ಆಳವೇ ಬೇಕೆಂದರೆ ‘ಕೊಳ್ಳು’ ಸೇರಿಸಿ. ‘ಮಳೆ ಬರುತ್ತೆ ಅಂತ ನಂಬಿದ್ದೆ’ ಅನ್ನುವುದು ಬರೀ ಅಂದಾಜು. ‘ಮಳೆ ನಂಬ್ಕೊಂಡು ರಾಗಿ ಬಿತ್ತಿದೀನಿ’ ಅನ್ನುವವನ ಬೀಜ, ಗೊಬ್ಬರ, ಸೊಸೈಟಿ ಸಾಲ ಎಲ್ಲ ಆಗಲೇ ಹೊಲದಲ್ಲಿವೆ.

ಯಾರೂ ಕೇಳದಿದ್ದರೂ ‘ನೆಚ್ಚು’ ಬಗ್ಗೆಯೂ ಹೇಳಿಬಿಡುತ್ತೇನೆ. ‘ನಂಬರು ನಚ್ಚರು ಬರಿದೆ ಕರೆವರು’ ಎಂದು 12ನೇ ಶತಮಾನದಲ್ಲೇ ಬಸವಣ್ಣ ಎರಡನ್ನೂ ಜೋಡಿಯಾಗಿ ನಿಲ್ಲಿಸಿದ್ದಾನೆ. ಆ ನಚ್ಚೇ ಇವತ್ತಿನ ನೆಚ್ಚು: ಭರವಸೆಯಿಂದ ಆತುಕೊಳ್ಳುವುದು. ‘ಮಳೆ ನೆಚ್ಚಿದ ಬೇಸಾಯ’, ‘ನೆಚ್ಚಿನ ಬಂಟ’ ಅನ್ನುವಾಗ ಆ ಅರ್ಥ ಇನ್ನೂ ಗಟ್ಟಿಯಾಗಿದೆ. ಸಿನಿಮಾ ಪುಟದ ‘ನೆಚ್ಚಿನ ನಟ’ನಲ್ಲಿ ಮಾತ್ರ ಸವೆದು ‘ಮೆಚ್ಚಿನ’ ಅನ್ನುವಷ್ಟಕ್ಕೆ ಇಳಿದಿದೆ. ಬಳಕೆ ಗೆದ್ದಿದೆ, ತಪ್ಪು ಅನ್ನಲಾರೆ. ಆದರೂ ಮಸಾಲೆ ದೋಸೆಯನ್ನು ‘ನನ್ನ ನೆಚ್ಚಿನ ತಿಂಡಿ’ ಅಂತ ಬರೆದವರನ್ನು ಕಂಡರೆ ಕೇಳಬೇಕೆನಿಸುತ್ತದೆ: ಮೆಚ್ಚಿದ್ದು ಸರಿ, ದೋಸೆಯನ್ನು ನೆಚ್ಚಿಕೊಂಡು ಮಾಡುವುದೇನು?