ಪಾಲಿಶಿನ ಮೇಲೆ ಉಸುಕು

ಬೆಳಗಾವಿಯ ಬಡಿಗನಿಗೆ ಹಾಯಿದೋಣಿಯಲ್ಲೇನು ಕೆಲಸ ಅಂತೀರಾ? ಘಾಟ್ ಇಳಿದರೆ ಗೋವಾ. ಹೋದ ಚಳಿಗಾಲದಲ್ಲಿ ಅಲ್ಲೊಂದು ದೋಣಿಯ ಒಳಗಿನ ಸಾಗವಾನಿ ಕೆಲಸ ಮಾಡಿ ಬಂದೆ.

ದೋಣಿಯ ಮರವನ್ನು ಉಜ್ಜುವ ಮೊದಲು ಸಿಹಿನೀರಿನ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಉಪ್ಪು ಉಳಿದರೆ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಮೇಲಿನ ವಾರ್ನಿಶ್ ಏಳುತ್ತದೆ. ಕಬ್ಬಿಣದ ಸ್ಕ್ರೂ ಸುತ್ತ ಬಂದ ಕಪ್ಪು ಕಲೆ ಕೊಳೆಯಲ್ಲ, ತುಕ್ಕಿನ ಜೊತೆ ಮರದ ಒಗರು ಸೇರಿ ಆದದ್ದು. ಎಷ್ಟು ಉಜ್ಜಿದರೂ ಹೋಗಲ್ಲ. ಆಕ್ಸಾಲಿಕ್ ಆಸಿಡ್ ನೀರಿಗೆ ಹೋಗುತ್ತದೆ, ಕೈಗೆ ಗ್ಲೌಸ್ ಮಾತ್ರ ಬೇಕೇ ಬೇಕು. ಒಳಗೋಡೆಗೆಲ್ಲ ಪ್ಲೈವುಡ್ ಮೇಲೆ ಸಾಗವಾನಿ ವಿನಿಯರ್, ಅಂದರೆ ಮರದ ತೆಳು ಹಾಳೆ, ಅಂಟಿಸಿತ್ತು. ಅದರ ದಪ್ಪ 1 ಮಿಲಿಮೀಟರೂ ಇರಲ್ಲ. ಅವಸರಕ್ಕೆ ಒಂದು ಕಡೆ ಉಜ್ಜುವ ಮಷೀನ್ ಹಿಡಿದೆ, ರೂಪಾಯಿ ಅಗಲ ಪ್ಲೈ ಕಂಡೇಬಿಟ್ಟಿತು! ಬಣ್ಣ ಕಲಸಿ ಮುಚ್ಚಿದೆ. ನನಗಷ್ಟೇ ಕಾಣುತ್ತದೆ ಅಂದುಕೊಂಡಿದ್ದೇನೆ.

ಕ್ಯಾಬಿನ್‌ಗೆ ಇಳಿಯುವ ಮೆಟ್ಟಿಲಿಗೆ ಬರೀ ಹೊಳಪು ಸಾಲದು. ಒದ್ದೆ ಕಾಲು, ಅಲುಗುವ ದೋಣಿ. ಸಾಗವಾನಿಯಲ್ಲಿ ಎಣ್ಣೆ ಜಾಸ್ತಿ, ಹಾಗಾಗಿ ಮೊದಲು ಥಿನ್ನರ್ ಬಟ್ಟೆಯಲ್ಲಿ ಒರೆಸಿದೆ. ತೆಳು ಮಾಡಿದ ವಾರ್ನಿಶ್ ಒಂದು ಕೈ, ಆಮೇಲೆ ಗಟ್ಟಿಯದು ಮೂರು ಕೈ. ಅಂಚಿನಲ್ಲಿ ಎರಡು ಬೆರಳು ಬಿಟ್ಟು ಟೇಪ್ ಅಂಟಿಸಿ, ನಡುವೆ ಮತ್ತೊಂದು ಕೈ ಬಳಿದು, ಹಸಿ ಇರುವಾಗಲೇ ತೊಳೆದು ಒಣಗಿಸಿ ಜರಡಿ ಹಿಡಿದ ಸಣ್ಣ ಉಸುಕನ್ನು ಮೇಲಿನಿಂದ ಉದುರಿಸಿದೆ. ಮರುದಿನ ಅಂಟದ ಉಸುಕು ಗುಡಿಸಿ ಇನ್ನೊಂದು ಕೈ, ಅದು ಹಸಿ ಇರುವಾಗಲೇ ಟೇಪ್ ಕಿತ್ತೆ. ಕೆಲವರು ಉಸುಕಿನ ಬದಲು ಸಕ್ಕರೆ ಉದುರಿಸುತ್ತಾರೆ. ವಾರ್ನಿಶ್ ಒಣಗಿದ ಮೇಲೆ ನೀರಲ್ಲಿ ತೊಳೆದರೆ ಸಕ್ಕರೆ ಕರಗಿ ಸಣ್ಣ ಕುಳಿಗಳು ಉಳಿಯುತ್ತವೆ. ಇರುವೆ ಇರುವ ಮನೆಯಲ್ಲಿ ನಾನಂತೂ ಮಾಡಲ್ಲ.

ಇದನ್ನೇ ಈಗ ನಮ್ಮೂರಿನ ಹಳೆ ವಾಡೆಯೊಂದರ ಮಾಳಿಗೆಯ ಪಾವಟಿಗೆಗೂ ಮಾಡಿದ್ದೇನೆ. ಮನೆಯ ಅಜ್ಜಿಗೆ ಸಿಟ್ಟು: "ಏನ್ರೀ, ರೊಕ್ಕಾ ತಗೊಂಡು ಪಾಲಿಶಿನ್ಯಾಗ ಉಸುಕ ಹಾಕ್ತೀರೇನು?" ಹಿಂದೆ ಅಲ್ಲಿ ಕಾಲು ಜಾರದಿರಲಿ ಅಂತ ಕರಿ ಅಂಟುಟೇಪ್ ಹಾಕಿದ್ದವನೂ ನಾನೇ. ಮಳೆಗಾಲಕ್ಕೆ ಅದರ ಅಂಚು ಎದ್ದು, ಸೊಸೆ ಸೀರೆ ಸಿಕ್ಕಿಸಿಕೊಂಡಿದ್ದರು. ಹಾಗಾಗಿ ಸುಮ್ನೆ ಕೇಳಿಸಿಕೊಂಡೆ. ಮನೆಮಂದಿ ಓಡಾಡಬೇಕಲ್ವಾ? ಒಂದು ಪಾವಟಿಗೆ ಬಿಟ್ಟು ಒಂದಕ್ಕೆ ಹಚ್ಚಿದೆ. ಮೊಮ್ಮಕ್ಕಳಿಗೆ ಎರಡು ದಿನ ಅದೇ ಆಟ. ಮೂರನೇ ದಿನ ಅಜ್ಜಿ ಕಠಡಾ ಹಿಡಿಯದೆ ಇಳಿದು ಬಂದರು. ಉಸುಕಿನ ಮಾತು ಎತ್ತಲಿಲ್ಲ.